ಮುಂಭಾಗ ಗುದ್ದಿದ ಕಾರನ್ನು ಮನೆಯಲ್ಲೇ ರಿಪೇರಿ ಮಾಡಿಕೊಳ್ಳಬಹುದೇ?

ಬಂಪರ್ ಒಡೆದಿದೆ, ಬಲಗಡೆ ಹೆಡ್‌ಲೈಟ್ ಅಲ್ಲಾಡುತ್ತಿದೆ, ಬಾನೆಟ್ ನಡುವೆ ಮಡಚಿದೆ, ಮೂರನ್ನೂ ಗುಜರಿಯಿಂದ ತಂದು ನಾನೇ ಹಾಕಿಕೊಳ್ಳಬಹುದಾ ಅಂತ ಕೇಳಿದ್ದೀರಿ. ನನ್ನ ಹಳೇ ವ್ಯಾಗನ್ ಆರ್ ಲಾರಿ ಹಿಂಭಾಗಕ್ಕೆ ಗುದ್ದಿದಾಗ ನಾನೂ ಇದೇ ಪಟ್ಟಿ ಹಿಡಿದು ಬೆಂಗಳೂರಿನ ಶಿವಾಜಿನಗರದ ಗುಜರಿಗೆ ಹೋಗಿದ್ದೆ. ಹಾಕಿಕೊಳ್ಳಬಹುದು. ಆದರೆ ಆ ಪಟ್ಟಿಯೇ ಸರಿಯಿಲ್ಲ. ಈ ಮೂರೂ ಯಾವುದರ ಮೇಲೆ ಕೂತಿವೆಯೋ ಅದು ಪಟ್ಟಿಯಲ್ಲೇ ಇಲ್ಲ.

ಅದು ರೇಡಿಯೇಟರ್ ಸಪೋರ್ಟ್ ಪ್ಯಾನೆಲ್. ಅದರ ಮೇಲಿನ ಅಡ್ಡಪಟ್ಟಿಯನ್ನು ಗ್ಯಾರೇಜಿನವರು ಅಪ್ಪರ್ ಟೈ ಮೆಂಬರ್ ಅನ್ನುತ್ತಾರೆ, ಕೆಳಗಿನದನ್ನು ಲೋವರ್. ಹೆಡ್‌ಲೈಟಿನ ಬೋಲ್ಟು, ಬಾನೆಟ್ ಲಾಕು, ರೇಡಿಯೇಟರು, ಎಸಿ ಕಂಡೆನ್ಸರು, ಬಂಪರಿನ ಮೇಲಂಚು, ಎಲ್ಲಕ್ಕೂ ಆಧಾರ ಅದೇ. ಅದು ಒಂದು ಕಡೆ ಒಂದು ಸೆಂಟಿಮೀಟರ್ ಹಿಂದಕ್ಕೆ ಹೋಗಿದ್ದರೆ ಬರಿಗಣ್ಣಿಗೆ ಗೊತ್ತಾಗುವುದಿಲ್ಲ. ಬಂಪರ್ ಬಿಚ್ಚಿ ನೋಡಿದರೂ ನೆಟ್ಟಗಿದೆ ಅಂತಲೇ ಅನ್ನಿಸುತ್ತದೆ.

ನನಗೆ ದುಡ್ಡು ಹೋದದ್ದು ಇಲ್ಲೇ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಪ್ಯಾನೆಲ್ ಸೊಟ್ಟಗಿರುವಾಗ ಹೊಸ ಹೆಡ್‌ಲೈಟ್ ಇಟ್ಟರೆ ಎರಡು ಬೋಲ್ಟು ಕೂರುತ್ತವೆ, ಮೂರನೆಯದು ತೂತಿಗೆ ಸಿಗುವುದಿಲ್ಲ. ತೂತನ್ನು ಅರದಿಂದ ಉದ್ದ ಮಾಡಿ, ವಾಷರ್ ಕೊಟ್ಟು ಬಿಗಿದರೆ ಕೂತೇಬಿಡುತ್ತದೆ. ಆದರೆ ಲೈಟಿನ ಪ್ಲಾಸ್ಟಿಕ್ ಲಗ್ (ಬೋಲ್ಟು ಕೂರುವ ಕಿವಿ) ಎಳೆತದಲ್ಲೇ ಇರುತ್ತದೆ. ಹಂಪ್ ಹಾರಿಸಿ ಹಾರಿಸಿ ಅದು ಬುಡದಲ್ಲಿ ಸೀಳುತ್ತದೆ. ಆಮೇಲೆ ಬಾನೆಟ್. ಲಾಕು ಪಕ್ಕಕ್ಕೆ ಸರಿದಿರುವುದರಿಂದ ಮುಚ್ಚಿದಾಗ ಕೊಂಡಿ ಅಂಚಿಗೆ ತಾಗುತ್ತದೆ. ಹಿಂಜ್ ಸಡಿಲಿಸಿ ಬಾನೆಟ್ಟನ್ನೇ ಪಕ್ಕಕ್ಕೆ ತಳ್ಳಿದರೆ ಒಂದು ಕಡೆ ಸಂದು 2 ಮಿ.ಮೀ., ಇನ್ನೊಂದು ಕಡೆ 8. ಆ ಸಂದು ಮುಚ್ಚಲು ಫೆಂಡರ್ (ಮುಂಚಕ್ರದ ಮೇಲಿನ ಪಕ್ಕದ ತಗಡು) ಹಿಂದಕ್ಕೆ ತಳ್ಳಿದರೆ ಮುಂಬಾಗಿಲು ತೆರೆದಾಗ ಅದರ ಅಂಚು ಫೆಂಡರಿಗೆ ಉಜ್ಜಿ ಪೇಂಟ್ ಏಳುತ್ತದೆ. ಹಿಂದಕ್ಕೆ ವಾಲಿದ ರೇಡಿಯೇಟರ್ ಫ್ಯಾನಿನ ಶ್ರೌಡಿಗೆ (ಸುತ್ತಲಿನ ಪ್ಲಾಸ್ಟಿಕ್ ಚೌಕಟ್ಟಿಗೆ) ತಾಗುತ್ತಾ ಕೊನೆಗೆ ಸೋರುತ್ತದೆ. ಒಂದೊಂದು ಸಮಸ್ಯೆಗೂ ಬೇರೆ ಬೇರೆ ಭಾಗ ತಂದು ಹಾಕುತ್ತಾ ಹೋಗುತ್ತೀರಿ, ಮೂಲ ಮಾತ್ರ ಹಾಗೇ ಉಳಿದಿರುತ್ತದೆ. ಬಾಗಿಲ ಚೌಕಟ್ಟೇ ಓರೆಯಾಗಿದ್ದರೆ ಹೊಸ ಬಾಗಿಲು ತಂದು ಏನು ಪ್ರಯೋಜನ?

ಆದ್ದರಿಂದ ಏನನ್ನೂ ಕೊಳ್ಳುವ ಮುಂಚೆ ಬಿಚ್ಚಿ, ಅಳೆಯಿರಿ. ವಿಮೆ ಕ್ಲೇಮ್ ಮಾಡುವ ಯೋಚನೆ ಇದ್ದರೆ ಒಂದು ಸ್ಕ್ರೂವನ್ನೂ ಮುಟ್ಟದೆ ಮೊದಲು ಕಂಪನಿಗೆ ತಿಳಿಸಿ. ಬಿಚ್ಚಿದ ಮೇಲೆ ಸರ್ವೇಯರಿಗೆ ತೋರಿಸಲು ಏನೂ ಉಳಿದಿರುವುದಿಲ್ಲ.

ಬ್ಯಾಟರಿಯ ನೆಗೆಟಿವ್ ತೆಗೆದು ಹತ್ತು ನಿಮಿಷ ಬಿಡಿ. ಏರ್‌ಬ್ಯಾಗ್ ಇರುವ ಅನೇಕ ಕಾರುಗಳಲ್ಲಿ ಮುಂದಿನ ಸೆನ್ಸರ್ ಈ ಪ್ಯಾನೆಲ್ ಮೇಲೋ ಚಾಸಿಸ್ ಲೆಗ್ (ಎಂಜಿನ್ನಿನ ಎರಡೂ ಪಕ್ಕ ಮುಂದಕ್ಕೆ ಚಾಚಿದ ಉಕ್ಕಿನ ತೊಲೆ) ಮೇಲೋ ಇರುತ್ತದೆ. ಹಳದಿ ಕನೆಕ್ಟರ್ ಕಂಡರೆ ಅದರ ಹತ್ತಿರ ಸುತ್ತಿಗೆ ಬೇಡ. ಏರ್‌ಬ್ಯಾಗ್ ಬಿಚ್ಚಿಕೊಂಡಿದ್ದರೆ ಇದು ಮನೆಯಲ್ಲಿ ಮಾಡುವ ಕೆಲಸವೇ ಅಲ್ಲ.

ಬಂಪರಿಗೆ ಚಕ್ರದ ಕಮಾನಿನೊಳಗೆ ಒಂದೊಂದು ಸ್ಕ್ರೂ, ಮೇಲೆ ಗ್ರಿಲ್ ಹತ್ತಿರ ಒತ್ತು ಕ್ಲಿಪ್‌ಗಳು, ಕೆಳಗೆ ಕೆಲವು 10 ಎಂ.ಎಂ. ಬೋಲ್ಟುಗಳು ಇರುತ್ತವೆ. ಫಾಗ್ ಲ್ಯಾಂಪಿನ ವೈರ್ ಮರೆತು ಎಳೆಯಬೇಡಿ. ಕ್ಲಿಪ್‌ಗಳು ಮುರಿದೇ ಮುರಿಯುತ್ತವೆ, ಜೆ.ಸಿ. ರಸ್ತೆಯಲ್ಲಿ ಪ್ಯಾಕೆಟ್ಟಿನಲ್ಲಿ ಸಿಗುತ್ತವೆ, ಮೊದಲೇ ತಂದಿಟ್ಟುಕೊಳ್ಳಿ.

ಈಗ ಟಾರ್ಚ್ ಹಿಡಿದು ಚಾಸಿಸ್ ಲೆಗ್ ಮತ್ತು ಏಪ್ರನ್ (ಚಕ್ರದ ಮೇಲೆ, ಎಂಜಿನ್ ಬದಿಯ ಒಳತಗಡು) ನೋಡಿ. ಸ್ಪಾಟ್ ವೆಲ್ಡಿನ ಸುತ್ತ ಪೇಂಟ್ ಕೂದಲೆಳೆಯಷ್ಟು ಬಿರಿದಿದೆಯಾ? ಜೋಡಣೆಯ ಸೀಲರ್ ಸೀಳಿದೆಯಾ? ಫೆಂಡರ್ ಬೋಲ್ಟಿನ ತಲೆಯ ಪಕ್ಕದಲ್ಲಿ ಪೇಂಟ್ ಇಲ್ಲದ ಅರ್ಧಚಂದ್ರ ಕಾಣುತ್ತಿದ್ದರೆ ಫೆಂಡರ್ ಅಷ್ಟು ಸರಿದಿದೆ ಎಂದರ್ಥ. ಲೆಗ್ ಮೇಲೆ ಸುಕ್ಕು ಬಿದ್ದಿದ್ದರೆ ಅಲ್ಲಿಗೇ ನಿಲ್ಲಿಸಿ, ಫ್ರೇಮ್ ಎಳೆಯುವ ಬೆಂಚ್ ಇರುವ ಗ್ಯಾರೇಜಿಗೆ ಒಯ್ಯಿರಿ. ಅಪಘಾತದ ಹೊಡೆತವನ್ನು ಹೀರಿಕೊಳ್ಳಬೇಕಾದ ಭಾಗ ಅದು. ಗ್ಯಾಸ್ ಟಾರ್ಚ್‌ನಲ್ಲಿ ಕಾಯಿಸಿ ನೆಟ್ಟಗೆ ಮಾಡಿದರೆ ಉಕ್ಕಿನ ಬಲವೇ ಹೋಗುತ್ತದೆ.

ಲೆಗ್ ಸರಿಯಿದ್ದರೆ ಅಡ್ಡಡ್ಡ ಅಳತೆ: ಎಡ ಸ್ಟ್ರಟ್ ಟವರಿನ (ಮುಂದಿನ ಸಸ್ಪೆನ್ಷನ್ನಿನ ಮೇಲ್ತುದಿ ಕೂರುವ ಜಾಗ) ಒಂದು ನಟ್‌ನಿಂದ ಬಲ ಹೆಡ್‌ಲೈಟಿನ ತೂತಿಗೆ, ಆಮೇಲೆ ಬಲದಿಂದ ಎಡಕ್ಕೆ. ಟೇಪಿನ ತುದಿಯ ಕೊಕ್ಕೆ ಅಲ್ಲಾಡುವುದರಿಂದ 10 ಸೆಂ.ಮೀ. ಗೆರೆಯಿಂದ ಶುರು ಮಾಡಿ, ಅಷ್ಟನ್ನು ಕಳೆಯಿರಿ. ಎರಡರ ನಡುವೆ 3 ಮಿ.ಮೀ. ಒಳಗಿನ ವ್ಯತ್ಯಾಸ ಪರವಾಗಿಲ್ಲ. ಕೆಲವು ಕಾರುಗಳ ಎರಡು ಬದಿಯೂ ಒಂದೇ ಥರ ಇರುವುದಿಲ್ಲ. ಅದೇ ಮಾಡೆಲ್ಲಿನ, ಗುದ್ದದ ಕಾರು ಯಾರದ್ದಾದರೂ ಇದ್ದರೆ ಅದನ್ನೂ ಅಳೆದುಕೊಳ್ಳಿ. ನೀವು ನಂಬಬೇಕಾದ ಅಳತೆ ಅದೇ.

ಟೈ ಮೆಂಬರ್ ಬೋಲ್ಟಿನದ್ದಾದರೆ ಬದಲಿಸಿ, ತಟ್ಟಬೇಡಿ. ವೆಲ್ಡಿನದ್ದಾಗಿದ್ದು ಸ್ವಲ್ಪ ಒಳಗೆ ಹೋಗಿದ್ದರೆ ಎಳೆಯಬಹುದು. ಮರಕ್ಕೆ ಸರಪಳಿ ಕಟ್ಟಿ ರಿವರ್ಸ್ ಹೊಡೆಯುವುದನ್ನು ದಯವಿಟ್ಟು ಮಾಡಬೇಡಿ: ಎಷ್ಟು ಎಳೆತ ಬೀಳುತ್ತಿದೆ ಎಂದು ಗೊತ್ತಾಗುವುದಿಲ್ಲ, ಸರಪಳಿ ಹರಿದರೆ ನೇರ ಗಾಜಿಗೋ ನಿಮ್ಮ ಮುಖಕ್ಕೋ ಬರುತ್ತದೆ. 2 ಟನ್ನಿನ ಕೈ ಪುಲ್ಲರ್ (ಲಿವರ್ ಆಡಿಸಿ ಹಲ್ಲು ಹಲ್ಲಾಗಿ ಎಳೆಯುವ ಸಾಧನ) ಬಾಡಿಗೆಗೆ ತನ್ನಿ, ಮನೆಯ ಕಂಬಕ್ಕೆ ಮಾತ್ರ ಕಟ್ಟಬೇಡಿ. ಹಿಂದಿನ ಚಕ್ರಗಳಿಗೆ ಅಡ್ಡ ಕೊಟ್ಟು, ಕಾರಿನ ಹಿಂಭಾಗವನ್ನೂ ಬಿಗಿದು, ಸರಪಳಿಯ ಮೇಲೆ ದಪ್ಪ ಕಂಬಳಿ ಹೊದಿಸಿ, ಪಕ್ಕದಲ್ಲಿ ನಿಂತು ಒಂದೊಂದು ಹಲ್ಲು ಎಳೆಯಿರಿ. ಎಳೆತದಲ್ಲಿರುವಾಗಲೇ ಮಡಿಕೆಯ ಸುತ್ತ ಮರದ ತುಂಡಿಟ್ಟು ತಟ್ಟಿ. ಬಿಟ್ಟ ಮೇಲೆ ತಗಡು ಸ್ವಲ್ಪ ಹಿಂದಕ್ಕೆ ಹೋಗುತ್ತದೆ, ಹಾಗಾಗಿ ಬೇಕಾದ್ದಕ್ಕಿಂತ ಕೆಲವು ಮಿ.ಮೀ. ಹೆಚ್ಚು ಎಳೆದು, ಬಿಟ್ಟು, ಮತ್ತೆ ಅಳೆಯಿರಿ. ಬಂಪರಿನ ಹಿಂದಿನ ಉಕ್ಕಿನ ಬೀಮ್ ಬಾಗಿದ್ದರೆ ಹೊಸದೇ ಬೇಕು.

ಎಸಿ ಪೈಪನ್ನು ಮನೆಯಲ್ಲಿ ಬಿಚ್ಚಬೇಡಿ. ಒಳಗೆ ಗ್ಯಾಸ್ ಒತ್ತಡದಲ್ಲಿರುತ್ತದೆ, ಕಣ್ಣಿಗೆ ಬಿದ್ದರೆ ಸುಡುತ್ತದೆ. ಕಂಡೆನ್ಸರ್ ತೂತಾಗಿ ಗ್ಯಾಸ್ ಹೋಗಿದ್ದರೆ ಡ್ರೈಯರನ್ನೂ (ಎಸಿಯೊಳಗಿನ ತೇವ ಹೀರುವ ಭಾಗ) ಬದಲಿಸಿ ವ್ಯಾಕ್ಯೂಮ್ ಮಾಡಿಸಬೇಕು, ಅದು ಎಸಿಯವರ ಕೆಲಸ. ರೇಡಿಯೇಟರಿನ ಪ್ಲಾಸ್ಟಿಕ್ ಟ್ಯಾಂಕ್ ಬಿರುಕು ಬಿಟ್ಟಿದ್ದರೆ ಎಂ-ಸೀಲ್ ನಿಲ್ಲುವುದಿಲ್ಲ, ಬಿಸಿ ಮತ್ತು ಒತ್ತಡಕ್ಕೆ ಕಿತ್ತು ಬರುತ್ತದೆ. ಕೂಲಂಟ್ ಸೋರಿದ ಎಂಜಿನ್ನನ್ನು "ಗೇಟಿನ ತನಕ ಅಷ್ಟೇ" ಅಂತಲೂ ಓಡಿಸಬೇಡಿ; ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ಬ್ಲಾಕು, ಹೆಡ್ಡಿನ ನಡುವಿನ ಸೀಲು) ಹೋದರೆ ಬಂಪರು, ಲೈಟು, ಬಾನೆಟ್ಟಿನ ಖರ್ಚು ಸೇರಿಸಿದರೂ ಅದಕ್ಕೆ ಸಮನಾಗದು. ನೀರು ಬೆರೆಸಿರದ ಕೂಲಂಟಾದರೆ ಅರ್ಧಕ್ಕರ್ಧ ಡಿಸ್ಟಿಲ್ಡ್ ವಾಟರ್ ಸೇರಿಸಿ, ಹೀಟರ್ ಪೂರ್ತಿ ಬಿಸಿಗೆ ಇಟ್ಟು ಗಾಳಿ ತೆಗೆಯಿರಿ. ಚೆಲ್ಲಿದ್ದನ್ನು ತಕ್ಷಣ ತೊಳೆಯಿರಿ. ಸಿಹಿ ಇರುವುದರಿಂದ ಬೀದಿ ನಾಯಿ ನೆಕ್ಕುತ್ತದೆ, ಅದಕ್ಕದು ವಿಷ.

ಇಷ್ಟಾದ ಮೇಲೆ ಗುಜರಿಗೆ ಹೋಗಿ. ನಿಮ್ಮದೇ ಬಣ್ಣದ ಬಾನೆಟ್ ಸಿಕ್ಕರೆ ಎಷ್ಟೋ ಉಳಿತಾಯ. ಜೋಡಿಸುವಾಗ ಎಲ್ಲ ಬೋಲ್ಟುಗಳನ್ನೂ ಬೆರಳಲ್ಲೇ ಹಾಕಿ, ಬಾನೆಟ್-ಫೆಂಡರ್ ಸಂದು ಎರಡೂ ಕಡೆ 4-5 ಮಿ.ಮೀ. ಸಮ ಬಂದ ಮೇಲೆ ಬಿಗಿಯಿರಿ. ಲಾಕು ಕೊನೆಗೆ. ಒಳಗಿನ ಲಿವರ್ ಎಳೆದಾಗ ಬಾನೆಟ್ ಸ್ವಲ್ಪ ಎದ್ದು ಎರಡನೇ ಕೊಂಡಿಗೆ ಸಿಕ್ಕಿ ನಿಲ್ಲಲೇಬೇಕು, ಕೈಯಲ್ಲಿ ಜೋರಾಗಿ ಎತ್ತಿದರೂ ಬಿಡಬಾರದು. ಬಿಟ್ಟರೆ ಗಾಡಿ ರಸ್ತೆಗಿಳಿಸಬೇಡಿ. ಹೈವೇಯಲ್ಲಿ ಬಾನೆಟ್ ಎದ್ದು ಗಾಜಿಗೆ ಬಡಿದರೆ ಎದುರು ಏನೂ ಕಾಣುವುದಿಲ್ಲ.

ಪೇಂಟ್ ವಿಷಯದಲ್ಲಿ ನನ್ನ ಅಭಿಪ್ರಾಯ ಖಡಕ್ಕಾಗಿದೆ: ಪುಟ್ಟಿ, ಪ್ರೈಮರ್ ತನಕ ಮನೆಯಲ್ಲಿ, ಕೊನೆಯ ಕೋಟ್ ಪೇಂಟರ್ ಹತ್ತಿರ. ಪುಟ್ಟಿಗೆ ಹಾರ್ಡ್‌ನರ್ ನೂರಕ್ಕೆ ಎರಡು ಪಾಲು, ದಪ್ಪ 3 ಮಿ.ಮೀ. ಮೀರಬಾರದು, ಮೀರಿದರೆ ಬಿರಿಯುತ್ತದೆ. 80ರ ಕಾಗದದಿಂದ ಶುರು ಮಾಡಿ 180, 320 ತನಕ ಉಜ್ಜಿ. ಬರಿ ತಗಡು ಕಂಡ ಕಡೆ ಅದೇ ದಿನ ಎಪಾಕ್ಸಿ ಪ್ರೈಮರ್ ಹೊಡೆಯಿರಿ. ಪ್ಲಾಸ್ಟಿಕ್ ಬಂಪರಿಗೆ ಮೊದಲು ಪ್ಲಾಸ್ಟಿಕ್ ಪ್ರೈಮರ್ ಕೊಡದಿದ್ದರೆ ಬಣ್ಣ ಹಾಳೆಯಂತೆ ಸುಲಿದು ಬರುತ್ತದೆ. ಎರಡು ಡಬ್ಬಿ ಬೆರೆಸುವ ಕ್ಲಿಯರ್ ಕೋಟಿನಲ್ಲಿ ಐಸೋಸಯನೇಟ್ ಇರುತ್ತದೆ. ಅದು ಶ್ವಾಸಕೋಶಕ್ಕೆ ಹೋದರೆ ಆಸ್ತಮಾ ಬರಬಹುದು, ಬಟ್ಟೆಯ ಮಾಸ್ಕ್ ಅದನ್ನು ತಡೆಯುವುದಿಲ್ಲ.

ಕೊನೆಗೆ ಹೆಡ್‌ಲೈಟ್. ಸಮತಟ್ಟಾದ ಜಾಗದಲ್ಲಿ ಗೋಡೆಯಿಂದ 5 ಮೀಟರ್ ದೂರ ನಿಲ್ಲಿಸಿ, ಲ್ಯಾಂಪಿನ ನಡುಮಧ್ಯದ ಎತ್ತರವನ್ನು ಗೋಡೆಯ ಮೇಲೆ ಗುರುತು ಹಾಕಿ. ಡಿಮ್ ಬೆಳಕಿನ ಮೇಲಂಚು ಆ ಗುರುತಿಗಿಂತ ಸುಮಾರು 5 ಸೆಂ.ಮೀ. ಕೆಳಗೆ ಬರುವ ಹಾಗೆ ಸ್ಕ್ರೂ ತಿರುಗಿಸಿ. ಮೊದಲ ಓಟ ಮುಗಿಸಿ ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಕೂಲಂಟ್ ಮಟ್ಟ ನೋಡಿ, ಇಳಿದಿದ್ದಷ್ಟು ತುಂಬಿಸಿ.