ಆರ್‌ಎಕ್ಸ್ 100 ರೇಸ್‌ನಲ್ಲಿ ಬೋರ್ ಹಾಕಿಸಿದ ಎಂಜಿನ್‌ಗೆ ಅವಕಾಶ ಕೊಡಬಹುದೇ?

ನಿಮ್ಮ ಕ್ಲಬ್ಬಿನ ಮಣ್ಣಿನ ಟ್ರ್ಯಾಕ್ ರೇಸ್‌ಗೆ ‘ಸ್ಟಾಕ್ ಎಂಜಿನ್, 100 ಸಿಸಿ ಮೀರಬಾರದು’ ಅಂತ ನಿಯಮ ಇದೆ, ಬೋರ್ ಹಾಕಿಸಿದ, ಅಂದರೆ ಸಿಲಿಂಡರ್‌ನ ಒಳಗನ್ನು ಕೊರೆದು ಅಗಲ ಮಾಡಿಸಿದ, ಯಮಹಾ ಆರ್‌ಎಕ್ಸ್ 100 ಗಾಡಿಗಳನ್ನು ಏನು ಮಾಡೋಣ ಅಂತ ಕೇಳಿದ್ದೀರಿ. ಖಂಡಿತ ಸೇರಿಸಿಕೊಳ್ಳಿ. ಇಂಥ ರೇಸ್‌ಗಳಿಗೆ ಗಾಡಿ ಕಟ್ಟಿಯೂ ಗೊತ್ತು, ಎಂಜಿನ್ ಬಿಚ್ಚಿ ತಪಾಸಣೆ ಮಾಡಿಯೂ ಗೊತ್ತು, ಅದಕ್ಕೇ ಹೇಳುತ್ತಿದ್ದೇನೆ.

ಲೆಕ್ಕ ನೋಡಿ. ಕಂಪನಿಯಿಂದ ಬಂದಾಗ ಬೋರ್ (ಸಿಲಿಂಡರ್‌ನ ಒಳವ್ಯಾಸ) 50 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಮೇಲೆ ಕೆಳಗೆ ಓಡಾಡುವ ದೂರ) 50 ಮಿ.ಮೀ., ಒಟ್ಟು 98 ಸಿಸಿ. ಬೋರ್ ಹಾಕಿಸಿ 0.50 ಮಿ.ಮೀ. ಓವರ್‌ಸೈಜ್ (ಅಷ್ಟು ದೊಡ್ಡ) ಪಿಸ್ಟನ್ ಹಾಕಿದರೆ 100.1 ಸಿಸಿ, ಅಷ್ಟಕ್ಕೇ ಸವಾರ ಔಟ್. 1.00ಕ್ಕೆ ಹೋದರೂ 102 ಸಿಸಿ, ಅಷ್ಟೇ. ಈ ಗಾಡಿ ತಯಾರಾಗುವುದು 1996ಕ್ಕೇ ನಿಂತಿದೆ. ಇಷ್ಟು ವರ್ಷ ಓಡಿದ ಬ್ಯಾರಲ್‌ನಲ್ಲಿ (ಸಿಲಿಂಡರ್‌ನಲ್ಲಿ) ಸ್ಟ್ಯಾಂಡರ್ಡ್ ಬೋರ್ ಉಳಿದಿರುವುದೇ ಅಪರೂಪ. ಸವೆದದ್ದಕ್ಕೆ ಬೋರ್ ಹಾಕಿಸುವುದು ರಿಪೇರಿ ಕೆಲಸ.

ನಿಜವಾದ ಆಟ ಪೋರ್ಟಿಂಗ್‌ನಲ್ಲಿದೆ, ಅಂದರೆ ಬ್ಯಾರಲ್‌ನ ಗೋಡೆಯಲ್ಲಿ ಗ್ಯಾಸ್ ಹಾದುಹೋಗುವ ಕಿಂಡಿಗಳನ್ನು (ಪೋರ್ಟ್‌ಗಳನ್ನು) ಉಜ್ಜಿ ಬದಲಿಸುವುದರಲ್ಲಿ. ಹೊಗೆ ಹೊರಹೋಗುವ ಎಕ್ಸಾಸ್ಟ್ ಪೋರ್ಟ್‌ನ ಮೇಲಂಚನ್ನು ಒಂದೆರಡು ಮಿ.ಮೀ. ಎತ್ತರಿಸಿ, ಅದಕ್ಕೆ ಹೊಂದುವ ಸೈಲೆನ್ಸರ್ ಹಾಕಿದರೆ ಸಿಸಿ ಇದ್ದಷ್ಟೇ ಇರುತ್ತದೆ, ಹೈ ಆರ್‌ಪಿಎಂನಲ್ಲಿ ಗಾಡಿ ಮಾತ್ರ ಬೇರೆಯೇ ಆಗಿಬಿಡುತ್ತದೆ.

ಒಂದು ರೇಸ್‌ನಲ್ಲಿ ಬೋರ್ ಅಳೆಯುವಾಗ ವರ್ನಿಯರ್ ಅಳತೆಕೋಲಿನಲ್ಲಿ 50.5 ಕಂಡದ್ದೇ ಒಬ್ಬ ಹುಡುಗನನ್ನು ಹೊರಗೆ ಹಾಕಿದರು. ಅಪ್ಪ ಓಡಿಸಿದ ಗಾಡಿ, ಸೈಲೆನ್ಸರ್ ಕೂಡ ಕಂಪನಿಯದೇ. ಗೆದ್ದವನ ಬೋರ್ 50.25. ಅವನ ಎಕ್ಸಾಸ್ಟ್ ಪೋರ್ಟ್‌ನೊಳಗೆ ಬೆರಳಾಡಿಸಿದೆ; ಮೇಲಂಚಿನಲ್ಲಿ ಗ್ರೈಂಡರ್ ಗೆರೆಗಳು ತರಿತರಿಯಾಗಿ ಕೈಗೆ ಸಿಕ್ಕವು. ಅದನ್ನು ಅಳೆಯಬೇಕು ಅನ್ನುವ ನಿಯಮವೇ ಇರಲಿಲ್ಲ. ಆ ಹುಡುಗ ಗಾಡಿ ತಳ್ಳಿಕೊಂಡು ಹೋದದ್ದು ನೆನೆದರೆ ಈಗಲೂ ಸಂಕಟವಾಗುತ್ತದೆ.

ಹಾಗಾಗಿ 1.00ವರೆಗಿನ ಓವರ್‌ಸೈಜ್‌ಗೆ ಎಲ್ಲರಿಗೂ ಒಪ್ಪಿಗೆ ಕೊಡಿ. ಸೈಲೆನ್ಸರ್, ಕಾರ್ಬ್ಯುರೇಟರ್ ಕಂಪನಿಯವೇ ಇರಲಿ, ಕಾರ್ಬ್ಯುರೇಟರ್‌ನೊಳಗೆ ಪೆಟ್ರೋಲ್ ಹಾಯುವ ಸಣ್ಣ ತೂತಿನ ಜೆಟ್ ಬೇಕಾದರೆ ಬದಲಿಸಿಕೊಳ್ಳಲಿ. ಯಾರೂ ಕೈಹಾಕದ ಒಂದು ಬ್ಯಾರಲ್ ಹುಡುಕಿ ಟ್ರ್ಯಾಕ್‌ಗೆ ತನ್ನಿ, ಅದರ ಅಳತೆಯೇ ಆಧಾರವಾಗಲಿ. ಎಂಜಿನ್ ತಣ್ಣಗಾದ ಮೇಲೆ ಹೆಡ್ ಬಿಚ್ಚಿ, ಪಿಸ್ಟನ್ ಕೆಳಗಿಳಿಸಿ, ಬ್ಯಾರಲ್‌ನ ಮೇಲ್ತುದಿಯಿಂದ ಎಕ್ಸಾಸ್ಟ್ ಪೋರ್ಟ್‌ನ ಮೇಲಂಚಿನವರೆಗೆ ವರ್ನಿಯರ್‌ನ ಹಿಂದಿನ ಕಡ್ಡಿಯಿಂದ ಅಳೆಯಿರಿ. ಪಿಸ್ಟನ್ ಪೂರ್ತಿ ಮೇಲೆ ಬಂದಾಗ ಎಲ್ಲಿ ನಿಲ್ಲುತ್ತದೆ ಅನ್ನುವುದನ್ನೂ ನೋಡಲೇಬೇಕು. ಬ್ಯಾರಲ್ ಅಡಿಗೆ ದಪ್ಪ ಪ್ಯಾಕಿಂಗ್ ಕೊಟ್ಟು ಎಲ್ಲ ಪೋರ್ಟ್‌ಗಳನ್ನೂ ಒಟ್ಟಿಗೆ ಎತ್ತುವವರಿದ್ದಾರೆ. ಹಾಗೆ ಮಾಡಿದ್ದರೆ ಪಿಸ್ಟನ್ ಅಷ್ಟು ಕೆಳಗೇ ನಿಂತುಬಿಡುತ್ತದೆ.

ಮೊದಲ ಮೂವರ ಎಂಜಿನ್‌ಗಳನ್ನು ಬಹುಮಾನಕ್ಕೆ ಮುಂಚೆಯೇ, ಎಲ್ಲರೆದುರು ಬಿಚ್ಚಿಸಿ. ಉಳಿದವರ ಮೇಲೆ ಯಾರಿಗಾದರೂ ತಕರಾರಿದ್ದರೆ ಡಿಪಾಸಿಟ್ ಇಟ್ಟು ಹೇಳಲಿ. ತಪ್ಪು ಸಿಕ್ಕರೆ ಹಣ ವಾಪಸ್. ಸಿಗದಿದ್ದರೆ ಅದು ಸುಮ್ಮನೆ ಎಂಜಿನ್ ಬಿಚ್ಚಿಸಿಕೊಂಡವನ ಹೊಸ ಪ್ಯಾಕಿಂಗ್ ಸೆಟ್‌ಗೆ ಹೋಗಲಿ.