ಟ್ರಾನ್ಸ್‌ಮಿಟ್ ಬಫರ್ ಹತ್ತು ಪಟ್ಟು ಮಾಡಿದರೂ ಸ್ಕ್ರೀನ್ ತುಂಬಾ 'ಯು' ಯಾಕೆ ಬರುತ್ತದೆ?

ದಾವಣಗೆರೆ ಹಾಸ್ಟೆಲ್ಲಿನಿಂದ ಕೇಳಿದ್ದೀರಿ. ಗ್ನೂ ರೇಡಿಯೋ ಎಂಬ ಸಾಫ್ಟ್‌ವೇರಿನಿಂದ ಯುಎಸ್‌ಆರ್‌ಪಿ ಬಿ200 ಎಂಬ, ಕಂಪ್ಯೂಟರಿಗೆ ಜೋಡಿಸುವ ರೇಡಿಯೋಗೆ ಸೆಕೆಂಡಿಗೆ 20 ಲಕ್ಷ ಸ್ಯಾಂಪಲ್ (ಸಿಗ್ನಲಿನ ಬಿಡಿ ಅಳತೆಗಳು) ಕಳಿಸುತ್ತೀರಿ, ಒಂದು ಸೆಕೆಂಡಿನ ಬಫರ್ (ಕಳಿಸುವ ಮುನ್ನ ಸ್ಯಾಂಪಲ್ ಕೂಡಿಡುವ ಜಾಗ) ಇದ್ದಾಗ 20 ಸೆಕೆಂಡಿಗೆ 'ಯು' ಬರುತ್ತಿತ್ತು, ಈಗ ಹತ್ತು ಸೆಕೆಂಡಿನ ಬಫರ್ ಇಟ್ಟರೆ ಮೂರು ನಿಮಿಷದ ಮೇಲೆ ಬರುತ್ತದೆ. ಆ ಮೂರು ನಿಮಿಷದಲ್ಲೇ ಉತ್ತರ ಇದೆ.

'ಯು' ಅಂದರೆ ಅಂಡರ್‌ರನ್, ರೇಡಿಯೋಗೆ ಬೇಕಾದಾಗ ಸ್ಯಾಂಪಲ್ ಸಿದ್ಧವಿರಲಿಲ್ಲ ಅಂತ. ರೇಡಿಯೋ ತನ್ನ ಕ್ಲಾಕಿಗೆ ತಕ್ಕಂತೆ ಸ್ಯಾಂಪಲ್ ಎಳೆದುಕೊಳ್ಳುತ್ತದೆ, ನಿಮಗಾಗಿ ಕಾಯುವುದಿಲ್ಲ. ನಮ್ಮದು ಚಳ್ಳಕೆರೆ, ಶೇಂಗಾ ಎಣ್ಣೆ ಮಿಲ್ಲುಗಳ ಊರು. ಹಮಾಲರು ಚೀಲ ತಂದು ಹಾಪರಿಗೆ ಸುರಿಯುತ್ತಾರೆ, ಕೆಳಗೆ ಮಿಷನ್ ಒಂದೇ ಸಮ ತಿನ್ನುತ್ತಿರುತ್ತದೆ. ಅವರು ಚಾ ಕುಡಿದು ಬರುವ ತನಕ ಹಾಪರ್ ತಡೆಯುತ್ತದೆ. ನಿಮ್ಮ ಬಫರ್ ಆ ಹಾಪರ್ ಇದ್ದಂತೆ. ಬರುವ ಚೀಲವೇ ಕಡಿಮೆಯಾದರೆ ಹಾಪರ್ ಎಷ್ಟು ದೊಡ್ಡದಿದ್ದು ಏನು ಪ್ರಯೋಜನ?

ಲೆಕ್ಕ ಹಾಕಿ. ನಿಮ್ಮ ಫ್ಲೋಗ್ರಾಫ್ (ಗ್ನೂ ರೇಡಿಯೋದಲ್ಲಿ ನೀವು ಜೋಡಿಸಿದ ಬ್ಲಾಕುಗಳ ಸರಣಿ) ಸೆಕೆಂಡಿಗೆ 19 ಲಕ್ಷ ಮಾತ್ರ ತಯಾರು ಮಾಡುತ್ತಿದೆ ಅಂತಿಟ್ಟುಕೊಳ್ಳಿ. ಸೆಕೆಂಡಿಗೆ ಒಂದು ಲಕ್ಷ ಕೊರತೆ. 20 ಲಕ್ಷದ ಬಫರ್ 20 ಸೆಕೆಂಡಿಗೆ ಖಾಲಿ, 2 ಕೋಟಿಯದ್ದು 200 ಸೆಕೆಂಡಿಗೆ. ನೀವು ಹೇಳಿದ್ದಕ್ಕೆ ಸರಿಯಾಗಿ ಕೂಡುತ್ತದೆ, ಅಲ್ವಾ? ಮೇಲಾಗಿ ಅಷ್ಟು ದೊಡ್ಡ ಬಫರ್ ಇಟ್ಟರೆ ನೀವು ಮಾಡಿದ ಬದಲಾವಣೆ ಹೊರಗೆ ಬರಲು ಹತ್ತು ಸೆಕೆಂಡ್ ಬೇಕು.

ಮೊದಲು ವೇಗ ಅಳೆಯಿರಿ. ರೇಡಿಯೋಗೆ ಕಳಿಸುವ ಯುಎಸ್‌ಆರ್‌ಪಿ ಸಿಂಕ್ ಬ್ಲಾಕ್ ತೆಗೆದು, ಬಂದದ್ದನ್ನೆಲ್ಲ ಎಸೆಯುವ ನಲ್ ಸಿಂಕ್ ಹಾಕಿ, ವೇಗ ತೋರಿಸುವ ಪ್ರೋಬ್ ರೇಟ್ ಜೋಡಿಸಿ, ವೇಗಕ್ಕೆ ಮಿತಿ ಹಾಕುವ ಥ್ರಾಟಲ್ ಇದ್ದರೆ ಕಿತ್ತುಹಾಕಿ. 20 ಲಕ್ಷಕ್ಕಿಂತ ಸಾಕಷ್ಟು ಜಾಸ್ತಿ ಬರಬೇಕು. ಬರದಿದ್ದರೆ ಫಿಲ್ಟರಿನ ಟ್ಯಾಪ್ (ಪ್ರತಿ ಸ್ಯಾಂಪಲಿಗೂ ಗುಣಿಸುವ ಅಂಕಿಗಳು) ಕಡಿಮೆ ಮಾಡಿ, ಇಲ್ಲವೇ ಸ್ಯಾಂಪಲ್ ರೇಟ್ ಇಳಿಸಿ, ಅದೂ ಆಗದಿದ್ದರೆ ಸಿಗ್ನಲನ್ನು ಮೊದಲೇ ಫೈಲಿಗೆ ಬರೆದು ರ‍್ಯಾಮಿನಿಂದ ಓದಿಸಿ. ಒಂದು ಸ್ಯಾಂಪಲಿಗೆ 8 ಬೈಟ್, ಸೆಕೆಂಡಿಗೆ 16 ಎಂಬಿ, ಒಂದು ನಿಮಿಷಕ್ಕೆ ಹತ್ತಿರ ಹತ್ತಿರ 1 ಜಿಬಿ ಆಗುತ್ತದೆ.

ಲ್ಯಾಪ್‌ಟಾಪಿನ ಪವರ್ ಮೋಡ್ ಕೂಡ ನೋಡಿ. ನನಗೆ ದಿನಾ ಮಧ್ಯಾಹ್ನ ಮಾತ್ರ 'ಯು' ಬರುತ್ತಿತ್ತು, ವಾರಗಟ್ಟಲೆ ಯುಎಸ್‌ಬಿ ಕೇಬಲ್ ಬದಲಿಸುತ್ತಾ ಕೂತಿದ್ದೆ. ಒಂದು ದಿನ ಫ್ಯಾನ್ ನಿಂತ ಗಳಿಗೆಗೇ ಸ್ಕ್ರೀನಿನಲ್ಲಿ ಯುಯುಯು ಓಡತೊಡಗಿತು. ಕರೆಂಟ್ ಹೋದ ಕೂಡಲೇ ಲ್ಯಾಪ್‌ಟಾಪ್ ಬ್ಯಾಟರಿಗೆ ಬಂದು ಸಿಪಿಯು ವೇಗ ಇಳಿಸಿಕೊಳ್ಳುತ್ತಿತ್ತು. ಸಿಪಿಯು ವೇಗ ನಿರ್ಧರಿಸುವ ಗವರ್ನರನ್ನು ಪರ್ಫಾರ್ಮೆನ್ಸಿಗೆ ಇಟ್ಟೆ, ನಿಂತಿತು.

ವೇಗ ಸಾಕಷ್ಟಿದ್ದೂ ಬ್ರೌಸರ್ ತೆಗೆದಾಗ ಒಂದೆರಡು 'ಯು' ಬಂದರೆ, ಅದು ಬಫರ್ ಮಾಡುವ ಕೆಲಸ. ಅಲ್ಲಿ ಅರ್ಧ ಸೆಕೆಂಡಿನದ್ದು ಸಾಕು. ಶುರುವಿನಲ್ಲಷ್ಟೇ ಬಂದರೆ, ಬಫರ್ ಅರ್ಧ ತುಂಬುವ ತನಕ ಕಳಿಸಲು ಶುರು ಮಾಡಬೇಡಿ. ಯುಎಸ್‌ಆರ್‌ಪಿಯ ಡ್ರೈವರ್ ಆದ ಯುಎಚ್‌ಡಿಯಲ್ಲಿ ಮೊದಲ ಪ್ಯಾಕೆಟಿಗೆ 0.1 ಸೆಕೆಂಡ್ ಮುಂದಿನ ಸಮಯ ಕೊಟ್ಟರೂ ಆಗುತ್ತದೆ. ಕೊನೆಯಲ್ಲಿ ಒಂದೇ ಒಂದು ಬಂದರೆ ಹೆದರಬೇಡಿ, ಕೊನೆಯ ಪ್ಯಾಕೆಟಿಗೆ 'ಎಂಡ್ ಆಫ್ ಬರ್ಸ್ಟ್', ಅಂದರೆ ಕಳಿಸುವುದು ಇಲ್ಲಿಗೆ ಮುಗಿಯಿತು ಎಂಬ ಗುರುತು ಹಾಕಿಲ್ಲ, ಅಷ್ಟೇ.

ಲೈಸೆನ್ಸ್ ಇಲ್ಲದಿದ್ದರೆ ದಯವಿಟ್ಟು ಆಂಟೆನಾ ಹಾಕಿ ಪ್ರಯೋಗ ಮಾಡಬೇಡಿ. ಗೇನ್ (ಸಿಗ್ನಲ್ ಬಲ ಹೆಚ್ಚಿಸುವ ಮಟ್ಟ) ಕಡಿಮೆ ಇಟ್ಟು, ನಡುವೆ ಸಿಗ್ನಲ್ ಕುಗ್ಗಿಸುವ ಕನಿಷ್ಠ 30 ಡಿಬಿ ಅಟೆನ್ಯುಯೇಟರ್ ಹಾಕಿ, ಕೇಬಲಿನಲ್ಲೇ ರಿಸೀವರಿಗೆ ಕೊಡಿ. ಪ್ರೋಬ್ ರೇಟ್ ಎಷ್ಟು ತೋರಿಸಿತು ಅಂತ ಇಲ್ಲೇ ಬರೆಯಿರಿ, ಮುಂದಿನದ್ದು ಒಟ್ಟಿಗೆ ನೋಡೋಣ.