ಎಲ್ಮ್‌ನಲ್ಲಿ ಮನೆ ಹಿಡಿಯುವ ಮುಂಚೆ

ಗಂಡನಿಗೆ ಸ್ವಿಟ್ಜರ್ಲೆಂಡಿನ ಗ್ಲಾರುಸ್‌ನಲ್ಲಿ ಕೆಲಸ ಸಿಕ್ಕಿದೆ, ಎಲ್ಮ್ ಅನ್ನುವ ಹಳ್ಳಿಯಲ್ಲಿ ಮನೆ ಹಿಡಿಯೋಣ ಅಂತಿದ್ದೇವೆ, ಬೆಂಗಳೂರಿನಿಂದ ನೇರ ಅಲ್ಲಿಗೆ ಬಂದರೆ ಬೇಜಾರಾಗಲ್ವಾ ಅಂತ ಕೇಳಿದ್ದೀಯ. ಅಕ್ಕ ಅಂತ ಕರೆದಿದ್ದೀಯಲ್ಲ, ಅದಕ್ಕೇ ಏಕವಚನದಲ್ಲಿ ಬರೆಯುತ್ತಿದ್ದೇನೆ. ಬೇಜಾರು ಆಗುತ್ತದೆ, ಮೊದಲ ನವೆಂಬರಿನಲ್ಲಂತೂ ಖಂಡಿತ. ಆದರೆ ನಾನು ಈ ಕಣಿವೆಯಲ್ಲೇ ಇರುವವಳು, ಹೇಳುತ್ತೇನೆ ಕೇಳು: ಇದನ್ನು ಗಿರಿಧಾಮ ಅಂದುಕೊಂಡು ಬಂದರೆ ಕಷ್ಟ, ದುಡಿಯುವ ಊರು ಅಂದುಕೊಂಡು ಬಂದರೆ ಸುಲಭ.

ಎಲ್ಮ್ ಇರುವುದು ಜೆರ್ನ್ಫ್ ನದಿಯ ಕಣಿವೆಯ ತುದಿಯಲ್ಲಿ, ಸುಮಾರು 1000 ಮೀಟರ್ ಎತ್ತರದಲ್ಲಿ. ರಸ್ತೆ ಅಲ್ಲಿಗೆ ಮುಗಿಯಿತು, ಮುಂದೆ ಬೆಟ್ಟ. ಜನ ಸುಮಾರು 700. ಇಲ್ಲಿ ಬೆಳೆ ಅಂದರೆ ಹುಲ್ಲು. ನೀನು ಫೋಟೋದಲ್ಲಿ ನೋಡಿದ ಹಸಿರೆಲ್ಲ ಹಸುಗಳ ಚಳಿಗಾಲದ ಮೇವು. ಮೇ ತಿಂಗಳಲ್ಲಿ ಮೊಣಕಾಲುದ್ದ ಬೆಳೆದ ಹುಲ್ಲಿನ ನಡುವೆ ನಿಂತು ಫೋಟೋ ತೆಗೆಸಿಕೊಂಡರೆ, ನಮ್ಮೂರಲ್ಲಿ ಯಾರೋ ತೆನೆ ಬಿಟ್ಟ ಗದ್ದೆಗೆ ಇಳಿದ ಹಾಗೆ. ಬೈಯುವುದಿಲ್ಲ, ಆದರೆ ಮರೆಯುವುದೂ ಇಲ್ಲ. ಸತತ ಮೂರು ದಿನ ಬಿಸಿಲು ಅಂತ ಹವಾಮಾನ ವರದಿ ಬಂದರೆ ರೈತರ ಮನೆಮಂದಿಯೆಲ್ಲ ಹೊರಗೆ. ಯಂತ್ರ ನಿಲ್ಲದ ಇಳಿಜಾರಿನಲ್ಲಿ ಅಜ್ಜಿ, ಮೊಮ್ಮಕ್ಕಳು ಹಲ್ಲುಹಲ್ಲಿನ ಉದ್ದ ಮರದ ಕೋಲು ಹಿಡಿದು ಒಣಹುಲ್ಲನ್ನು ಕೆಳಗೆ ಎಳೆಯುತ್ತಾರೆ. ಪಕ್ಕದ ಮನೆಯವರಿಗೆ ಒಂದು ಮಧ್ಯಾಹ್ನ ಕೈ ಜೋಡಿಸು. ಜರ್ಮನ್ ಕ್ಲಾಸಿಗೆ ವರ್ಷಗಟ್ಟಲೆ ಹೋದರೂ ಸಿಗದ ಪರಿಚಯ ಆವತ್ತು ಸಿಗುತ್ತದೆ. (ಕ್ಲಾಸಿನ ಜರ್ಮನ್ ಬೇರೆ, ಇವರು ಮನೆಯಲ್ಲಿ ಆಡುವುದು ಬೇರೆ. ಗಾಬರಿಯಾಗಬೇಡ.)

ಜೂನಿನಲ್ಲಿ ಹಸುಗಳು ಮೇಲಿನ ಹುಲ್ಲುಗಾವಲಿಗೆ ಹೋಗುತ್ತವೆ, ಸೆಪ್ಟೆಂಬರಿನಲ್ಲಿ ಇಳಿದು ಬರುತ್ತವೆ. ಗಂಟೆ ಸದ್ದು ರಾತ್ರಿಯೂ ಇರುತ್ತದೆ. ಸಗಣಿ, ಗಂಜಲ ಕದಡಿದ ನೀರನ್ನು ಹೊಲಕ್ಕೆ ಹಾಯಿಸಿದ ದಿನ ಬಟ್ಟೆ ಹೊರಗೆ ಒಣಹಾಕಬೇಡ. ಬರೀ ಹಾಲಿನಿಂದ ಬದುಕು ಸಾಗುವುದಿಲ್ಲ. ಇಳಿಜಾರನ್ನು ಪಾಳು ಬಿಡದೆ ಕೊಯ್ಯಲಿ ಅಂತ ಸರ್ಕಾರ ರೈತರಿಗೆ ನೇರವಾಗಿ ದುಡ್ಡು ಕೊಡುತ್ತದೆ. ಸಾಲದ್ದಕ್ಕೆ ಚಳಿಗಾಲದಲ್ಲಿ ಸ್ಕೀ ಲಿಫ್ಟಿನಲ್ಲೋ ಬೇರೆಲ್ಲೋ ಕೆಲಸ ಮಾಡುವವರೂ ಇದ್ದಾರೆ.

ಊರಿನ ಕಥೆ ಕೇಳಿದ್ದೀಯ. ನಾವು ಬಳಪ ಹಿಡಿದು ಅಆಇಈ ತಿದ್ದಿದ ಸ್ಲೇಟು ನೆನಪಿದೆಯಲ್ಲ, ಅಂಥ ಕಪ್ಪು ಕಲ್ಲು ಇಲ್ಲಿನ ಬೆಟ್ಟದಲ್ಲಿತ್ತು. ಯುರೋಪಿನಲ್ಲಿ ಮಕ್ಕಳೆಲ್ಲ ಶಾಲೆಗೆ ಹೋಗತೊಡಗಿದ ಕಾಲ, ಸ್ಲೇಟಿಗೆ ಭಾರೀ ಬೇಡಿಕೆ. 1868ರಿಂದ ಊರವರು ಬೆಟ್ಟದ ಬುಡವನ್ನೇ ಕೊರೆಯುತ್ತ ಹೋದರು. ಗಣಿ ವಿದ್ಯೆ ಗೊತ್ತಿದ್ದವರು ಕಡಿಮೆ. 1881ರ ಸೆಪ್ಟೆಂಬರ್ 11, ಭಾನುವಾರ ಸಂಜೆ, ಮೇಲಿನ ಬೆಟ್ಟ ಕುಸಿಯಿತು. ಅದೂ ಒಂದೇ ಸಲಕ್ಕಲ್ಲ, ಅರ್ಧ ಗಂಟೆಯೊಳಗೆ ಮೂರು ಸಲ. ಮೊದಲನೆಯದನ್ನು ನೋಡಲು ನಿಂತವರು, ನೆರವಿಗೆ ಓಡಿದವರು ಆಮೇಲಿನದಕ್ಕೆ ಸಿಕ್ಕಿಬಿದ್ದರು. 115 ಜನ ಸತ್ತರು. ಇವತ್ತಿಗೂ ಬೆಟ್ಟದ ವಿಷಯದಲ್ಲಿ ಯಾರೂ ಇಲ್ಲಿ ಹುಡುಗಾಟ ಆಡುವುದಿಲ್ಲ. ಹಿಮಕುಸಿತದ ಎಚ್ಚರಿಕೆ ಕೊಟ್ಟು ದಾರಿ ಮುಚ್ಚಿದ್ದಾರೆ ಅಂದರೆ ಮುಚ್ಚಿದೆ, ಅಷ್ಟೇ. ಹಳೆಯ ಸ್ಲೇಟು ಕಾರ್ಖಾನೆ ಈಗ ಮ್ಯೂಸಿಯಂ, ಹೋಗಿ ನೋಡು. ಅದಕ್ಕೂ ಮೊದಲು, 1799ರ ಅಕ್ಟೋಬರಿನಲ್ಲಿ, ಹಿಮ್ಮೆಟ್ಟುತ್ತಿದ್ದ ರಷ್ಯದ ಸೇನಾಪತಿ ಸುವೊರೊವ್ ಇಲ್ಲಿ ಒಂದು ರಾತ್ರಿ ತಂಗಿ, ಹಿಮದಲ್ಲೇ ಪಾನಿಕ್ಸ್ ಅನ್ನುವ ಬೆಟ್ಟದ ದಾರಿ ದಾಟಿ ಹೋದ. ಅವನು ಉಳಿದುಕೊಂಡ ಮನೆ ಇನ್ನೂ ಇದೆ.

ಚರ್ಚಿನ ಹತ್ತಿರ ನಿಂತು ಬೆಟ್ಟ ನೋಡಿದರೆ ಬಂಡೆಯಲ್ಲಿ ಒಂದು ತೂತು ಕಾಣುತ್ತದೆ, ಮಾರ್ಟಿನ್ಸ್‌ಲೋಖ್. ಮಾರ್ಚ್ ಮಧ್ಯದಲ್ಲೊಮ್ಮೆ, ಸೆಪ್ಟೆಂಬರ್ ಕೊನೆಗೊಮ್ಮೆ, ಮೋಡ ಇಲ್ಲದಿದ್ದರೆ, ಬೆಳಗಿನ ಬಿಸಿಲು ಆ ತೂತಿನಿಂದ ಬಂದು ನೇರ ಚರ್ಚಿನ ಮೇಲೆ ಬೀಳುತ್ತದೆ. ಎಲ್ಲಾ ಸೇರಿ ಎರಡು ನಿಮಿಷವೋ ಏನೋ. ತೂತಿನ ಮೇಲ್ಗಡೆ ಗೆರೆ ಎಳೆದ ಹಾಗೆ ಒಂದು ಸಾಲು ಇದೆ. ಗೆರೆಯ ಮೇಲಿನ ಬಂಡೆ ಕೆಳಗಿನದಕ್ಕಿಂತ ಕೋಟಿಗಟ್ಟಲೆ ವರ್ಷ ಹಳೆಯದು! ಬೆಟ್ಟ ಏಳುವಾಗ ಹಳೆಯದು ಹೊಸದರ ಮೇಲೆ ಜಾರಿ ಕೂತಿದೆ. ಅದಕ್ಕೇ 2008ರಲ್ಲಿ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದರು.

ಇನ್ನು ದಿನನಿತ್ಯದ ಮಾತು. ದಾರಿಯಲ್ಲಿ ಸಿಕ್ಕವರಿಗೆಲ್ಲ "ಗ್ರೂಏಟ್ಸಿ" (ಇಲ್ಲಿನ ನಮಸ್ಕಾರ) ಅನ್ನು, ಪರಿಚಯ ಇರಲಿ ಬಿಡಲಿ. ಭಾನುವಾರ ಸದ್ದು ಮಾಡುವ ಕೆಲಸ ಇಟ್ಟುಕೊಳ್ಳಬೇಡ, ಡ್ರಿಲ್ ಅಂತೂ ಬೇಡವೇ ಬೇಡ. ಕರಿಬೇವು, ತೊಗರಿಬೇಳೆಗೆ ಜ್ಯೂರಿಕ್‌ನ ತಮಿಳರ ಅಂಗಡಿಗಳೇ ಗತಿ. ಶನಿವಾರವೇ ಹೋಗಿ ಬಾ. ಅಲ್ಲಿಯವರೆಗೆ ಗ್ಲಾರುಸ್‌ನ ಹಸಿರು ಚೀಸ್, ಶಾಬ್‌ತ್ಸೀಗರ್, ತಿಂದು ನೋಡು. ಅದಕ್ಕೆ ಹಾಕುವ ಸೊಪ್ಪು ನಮ್ಮ ಮೆಂತ್ಯದ ದಾಯಾದಿ. ಘಾಟು ಜಾಸ್ತಿ. ನಾನು ಬಿಸಿ ಅನ್ನಕ್ಕೆ ತುಪ್ಪದ ಜೊತೆ ತುರಿದು ಹಾಕುತ್ತೇನೆ, ಇಲ್ಲಿನವರು ಮುಖ ಮುಖ ನೋಡಿಕೊಳ್ಳುತ್ತಾರೆ.

ಮೇ ತಿಂಗಳ ಮೊದಲ ಭಾನುವಾರ ಗ್ಲಾರುಸ್ ಪಟ್ಟಣದ ಬಯಲಿಗೆ ತಪ್ಪದೆ ಹೋಗು. ಇಡೀ ಪ್ರಾಂತ್ಯದ ಮತದಾರರು ಅಲ್ಲಿ ಸುತ್ತ ನಿಂತು, ಚೀಟಿ ಮೇಲೆತ್ತಿ, ತೆರಿಗೆ, ಕಾನೂನು ಎಲ್ಲ ತೀರ್ಮಾನ ಮಾಡುತ್ತಾರೆ. 25 ಪಂಚಾಯಿತಿಗಳನ್ನು ಮೂರೇ ಮಾಡೋಣ ಅಂತ 2006ರಲ್ಲಿ ಒಪ್ಪಿದ್ದೂ ಹೀಗೆ ಕೈ ಎತ್ತಿಯೇ. ಹಾಗಾಗಿ 2011ರಿಂದ ಎಲ್ಮ್ ಆ ಮೂರರಲ್ಲೊಂದಾದ ಗ್ಲಾರುಸ್ ಝ್ಯೂಡ್‌ಗೆ ಸೇರಿದೆ. ಮತದ ವಯಸ್ಸು ಇಲ್ಲಿ 16. ನಮಗೆ ಮತ ಇಲ್ಲ, ಪೌರತ್ವ ಕೇಳಲೂ ಹತ್ತು ವರ್ಷ ಕಾಯಬೇಕು. ಆದರೆ ನಿಂತು ನೋಡಬಹುದು.

ಬಂದ 14 ದಿನದೊಳಗೆ ಊರಿನ ಕಚೇರಿಯಲ್ಲಿ ಹೆಸರು ಬರೆಸಬೇಕು, ಮೂರು ತಿಂಗಳೊಳಗೆ ಆರೋಗ್ಯ ವಿಮೆ ಮಾಡಿಸಬೇಕು. ಮನೆಯನ್ನು ಮಾತ್ರ ಬೇಸಿಗೆಯಲ್ಲಿ ನೋಡಿ ಒಪ್ಪಬೇಡ. ಡಿಸೆಂಬರಿನಲ್ಲಿ ಬಿಸಿಲು ಎಷ್ಟು ಹೊತ್ತಿಗೆ ಬರುತ್ತದೆ, ಎಷ್ಟು ಹೊತ್ತಿಗೆ ಬೆಟ್ಟದ ಹಿಂದೆ ಹೋಗುತ್ತದೆ ಅಂತ ಆ ಮನೆಯಲ್ಲಿ ಇರುವವರನ್ನೇ ಕೇಳು. ಕಣಿವೆಯ ಕೆಳಗಿನ ಊರು ಶ್ವಾಂಡೆನ್‌ನಿಂದ ಕೊನೆಯ ಬಸ್ಸು ಎಷ್ಟಕ್ಕೆ ಅನ್ನುವುದನ್ನೂ ನೋಡಿಕೋ. ನಿನ್ನ ಗಂಡನ ಡ್ಯೂಟಿ ಅದಕ್ಕೆ ಹೊಂದದಿದ್ದರೆ ಶ್ವಾಂಡೆನ್‌ನಲ್ಲೇ ಮನೆ ಹಿಡಿಯಿರಿ, ಎಲ್ಮ್‌ಗೆ ಭಾನುವಾರ ಬನ್ನಿ.